ಕಣ್ಣಿಗೆ ನೂರು, ಕಿವಿಗೆ ಸೊನ್ನೆ: ‘ಝಬ್ರಿಸ್ಕಿ ಪಾಯಿಂಟ್’ ಯಾಕೆ ಕೈಕೊಟ್ಟಿತು?

ಖರ್ಚು ಸುಮಾರು 70 ಲಕ್ಷ ಡಾಲರ್. ಅಮೆರಿಕದಲ್ಲಿ ವಾಪಸ್ ಬಂದಿದ್ದು 10 ಲಕ್ಷಕ್ಕಿಂತ ಕಡಿಮೆ. 1970ರ ಫೆಬ್ರವರಿಯಲ್ಲಿ ತೆರೆಗೆ ಬಂದ ‘ಝಬ್ರಿಸ್ಕಿ ಪಾಯಿಂಟ್’ ಸಿನಿಮಾದ ಲೆಕ್ಕ ಇದು. ಮಾಡಿದವರು ಯಾರೋ ಹೊಸಬರಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಾಡಿದ್ದು ಇಟಲಿಯ ಮಿಕೆಲಾಂಜೆಲೊ ಆಂಟೋನಿಯೋನಿ. ಆ ಹೊತ್ತಿಗೆ ಬರ್ಲಿನ್, ವೆನಿಸ್, ಕಾನ್ ಮೂರೂ ಚಿತ್ರೋತ್ಸವಗಳಲ್ಲಿ ದೊಡ್ಡ ಬಹುಮಾನ ಹೊಡೆದಿದ್ದ ಮನುಷ್ಯ. ಹಣ ಹಾಕಿದ್ದು ಹಾಲಿವುಡ್ಡಿನ ಎಂಜಿಎಂ ಕಂಪನಿ. ಕೈಯಲ್ಲಿ ದುಡ್ಡಿತ್ತು, ಸಮಯವಿತ್ತು, ಹೆಸರಿತ್ತು. ಆದರೂ ವಿಮರ್ಶಕರು ತಿರುಗಿಬಿದ್ದರು, ಯಾರಿಗೋಸ್ಕರ ಮಾಡಿದರೋ ಆ ಹುಡುಗರೇ ಥಿಯೇಟರಿಗೆ ಬರಲಿಲ್ಲ, 1978ರಲ್ಲಿ ಬಂದ ಒಂದು ಪುಸ್ತಕ ಇದನ್ನು ಸಾರ್ವಕಾಲಿಕ ಐವತ್ತು ಕೆಟ್ಟ ಸಿನಿಮಾಗಳ ಪಟ್ಟಿಗೇ ಸೇರಿಸಿಬಿಟ್ಟಿತು.

ಆ ಪಟ್ಟಿ ಸುಮ್ನೆ ತಮಾಷೆ, ಬಿಡಿ. ಪೂರ್ತಿ ಕೆಟ್ಟ ಸಿನಿಮಾ ಆಗಿದ್ದರೆ ಇದರ ಬಗ್ಗೆ ಇಷ್ಟುದ್ದ ಬರೆಯುವ ಅಗತ್ಯವೂ ಇರಲಿಲ್ಲ. ಇದರೊಳಗೆ ಬೇರೆ ಯಾರ ಕೈಯಲ್ಲೂ ಆಗದ ಕೆಲವು ನಿಮಿಷಗಳಿವೆ. ಅದರ ಪಕ್ಕದಲ್ಲೇ ಕಾಲೇಜು ಡೇ ನಾಟಕದಲ್ಲೂ ಸಹಿಸಲಾಗದ ಮಾತುಗಳಿವೆ. ಒಬ್ಬನೇ ನಿರ್ದೇಶಕ, ಒಂದೇ ಸಿನಿಮಾ, ಇಷ್ಟೊಂದು ಅಂತರ ಹೇಗೆ? ನನ್ನ ಉತ್ತರ ಇಷ್ಟು: ಆಂಟೋನಿಯೋನಿಗೆ ಅಮೆರಿಕ ಕಾಣಿಸಿತು, ಕೇಳಿಸಲಿಲ್ಲ.

ಅಲ್ಲಿಯವರೆಗೆ ನಡೆದಿದ್ದು

1960ರಲ್ಲಿ ಅವರ ‘ಲಾವೆಂತೂರಾ’ ಕಾನ್ ಉತ್ಸವದಲ್ಲಿ ತೆರೆಗೆ ಬಂದಾಗ ಜನ ಕೂಗಾಡಿ ಗೇಲಿ ಮಾಡಿದ್ದರು. ಕಾರಣ ಇತ್ತು. ಒಂದು ದ್ವೀಪಕ್ಕೆ ಪ್ರವಾಸ ಹೋದ ಗುಂಪಿನಲ್ಲಿ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಎಲ್ಲರೂ ಹುಡುಕುತ್ತಾರೆ. ಹುಡುಕುತ್ತಾ ಹುಡುಕುತ್ತಾ ಸಿನಿಮಾವೇ ಅವಳನ್ನು ಮರೆತುಬಿಡುತ್ತದೆ! ಅವಳು ಕೊನೆಗೂ ಸಿಗುವುದಿಲ್ಲ. ಕೂಗಾಡಿದ ಅದೇ ಉತ್ಸವ ಕಡೆಗೆ ಜ್ಯೂರಿ ಬಹುಮಾನ ಕೊಟ್ಟು ಕಳಿಸಿತು. 1962ರ ‘ಲೆಕ್ಲಿಸೆ’ಯಲ್ಲಿ ಇನ್ನೂ ಮುಂದೆ ಹೋದರು. ಪ್ರೇಮಿಗಳಿಬ್ಬರು ಸಂಜೆ ಒಂದು ಮೂಲೆಯಲ್ಲಿ ಸಿಗೋಣ ಎಂದು ಮಾತಾಡಿಕೊಂಡಿರುತ್ತಾರೆ. ಇಬ್ಬರೂ ಬರುವುದಿಲ್ಲ. ಕ್ಯಾಮೆರಾ ಮಾತ್ರ ಸರಿಯಾದ ಹೊತ್ತಿಗೆ ಅಲ್ಲಿಗೆ ಬಂದು ಏಳು ನಿಮಿಷದಷ್ಟು ಕಾಲ ಆ ಖಾಲಿ ರಸ್ತೆ, ಕಟ್ಟುತ್ತಿರುವ ಮನೆ, ಡ್ರಮ್ಮಿನಿಂದ ಸೋರುವ ನೀರು, ಬಸ್ಸಿಳಿದು ಹೋಗುವ ಯಾರೋ ಜನ, ಇವನ್ನೇ ನೋಡುತ್ತಾ ನಿಲ್ಲುತ್ತದೆ. 1964ರ ‘ರೆಡ್ ಡೆಸರ್ಟ್’ ಅವರ ಮೊದಲ ಬಣ್ಣದ ಸಿನಿಮಾ. ಬೇಕಾದ ಬಣ್ಣ ಸಿಗಲಿಲ್ಲವೆಂದು ಹುಲ್ಲಿಗೂ ಮರಕ್ಕೂ ಪೇಂಟ್ ಹೊಡೆಸಿದರು.

ಈ ಸಿನಿಮಾಗಳಲ್ಲಿ ಮಾತು ಕಡಿಮೆ. ಕಡಿಮೆ ಇದ್ದರೂ ನಡೆಯುತ್ತದೆ, ಯಾಕೆಂದರೆ ಪಾತ್ರಗಳ ಹೊಟ್ಟೆಯಲ್ಲಿ ಹೇಳದ ಮಾತು ಜಾಸ್ತಿ ಇರುತ್ತದೆ. ನಾಲ್ಕು ಸಿನಿಮಾಗಳಲ್ಲಿ ನಟಿಸಿದ ಮೋನಿಕಾ ವಿಟ್ಟಿ ಕಿಟಕಿ ಹತ್ತಿರ ಸುಮ್ಮನೆ ನಿಂತರೂ ಅವಳ ಮನಸ್ಸಿನಲ್ಲಿ ಏನೋ ಓಡುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಏನು ಅಂತ ಗೊತ್ತಾಗಲ್ಲ, ಅದೇ ಮಜಾ. ಆ ಜನ ಕೂಡ ಆಂಟೋನಿಯೋನಿಗೆ ಚೆನ್ನಾಗಿ ಗೊತ್ತಿದ್ದ ಜನ. ಅನುಕೂಲಸ್ಥರು, ಓದಿದವರು, ಬೇಜಾರು ಹಿಡಿದ ಇಟಲಿಯವರು. ಅವರು ಏನು ಹೇಳುತ್ತಾರೆ, ಏನು ನುಂಗಿಕೊಳ್ಳುತ್ತಾರೆ ಎರಡೂ ನಿರ್ದೇಶಕನಿಗೆ ಗೊತ್ತು.

ನಿರ್ಮಾಪಕ ಕಾರ್ಲೊ ಪಾಂಟಿ ಮೂಲಕ ಎಂಜಿಎಂ ಜೊತೆ ಇಂಗ್ಲಿಷಿನಲ್ಲಿ ಮೂರು ಸಿನಿಮಾ ಮಾಡುವ ಒಪ್ಪಂದ ಆಯಿತು. ಮೊದಲನೆಯದು 1966ರ ‘ಬ್ಲೋ-ಅಪ್’. ಲಂಡನ್ನಿನ ಒಬ್ಬ ಫ್ಯಾಷನ್ ಫೋಟೋಗ್ರಾಫರ್ ಪಾರ್ಕಿನಲ್ಲಿ ತೆಗೆದ ಫೋಟೋವನ್ನು ದೊಡ್ಡದು ಮಾಡುತ್ತಾ ಹೋದಂತೆ ಅದರಲ್ಲಿ ಒಂದು ಕೊಲೆ ಕಾಣಿಸಿದ ಹಾಗಾಗುತ್ತದೆ. ಸುಮಾರು 18 ಲಕ್ಷ ಡಾಲರಿನಲ್ಲಿ ಮುಗಿದ ಆ ಸಿನಿಮಾ ಅದರ ಎಷ್ಟೋ ಪಟ್ಟು ದುಡಿಯಿತು. 1967ರಲ್ಲಿ ಕಾನ್ ಉತ್ಸವದ ಅತಿ ದೊಡ್ಡ ಬಹುಮಾನವೂ ಬಂತು.

ಕಂಪನಿಯವರು ಇದರಿಂದ ಕಲಿತ ಪಾಠ: ಈ ಇಟಲಿಯವನಿಗೆ ಹುಡುಗರ ನಾಡಿ ಗೊತ್ತು, ದುಡ್ಡು ಕೊಡೋಣ. ಆಂಟೋನಿಯೋನಿ ಕಲಿತಿದ್ದು ಬಹುಶಃ ಇದು: ಊರು ಯಾವುದಾದರೇನು, ಭಾಷೆ ಯಾವುದಾದರೇನು, ನನ್ನ ಕಣ್ಣು ಸಾಕು. ಇಬ್ಬರೂ ಒಂದು ವಿಷಯ ಗಮನಿಸಲಿಲ್ಲ. ‘ಬ್ಲೋ-ಅಪ್’ ನಾಯಕನ ಕೆಲಸವೇ ನೋಡುವುದು. ಅವನಿಗೆ ಜನರ ಮಾತು ಬೇಕಾಗಿಲ್ಲ, ಫೋಟೋ ಬೇಕು. ಇಂಗ್ಲಿಷ್ ಸಂಭಾಷಣೆಗೆ ಎಡ್ವರ್ಡ್ ಬಾಂಡ್ ಅಂಥ ಪಳಗಿದ ನಾಟಕಕಾರ ಇದ್ದರು. ನಟಿಸಲು ಡೇವಿಡ್ ಹೆಮಿಂಗ್ಸ್, ವನೆಸ್ಸಾ ರೆಡ್‌ಗ್ರೇವ್ ಇದ್ದರು. ಕೆಳಗೆ ಒಂದು ಕೊಲೆಯ ಕಥೆಯೂ ಇತ್ತು, ಅದು ಪ್ರೇಕ್ಷಕನನ್ನು ಎಳೆದುಕೊಂಡು ಹೋಗುತ್ತಿತ್ತು. ಅಂದರೆ ಆ ಸಿನಿಮಾದಲ್ಲಿ ಕಿವಿಯ ಕೆಲಸವನ್ನು ಬೇರೆಯವರು ಮಾಡಿಕೊಟ್ಟಿದ್ದರು.

ಕಥೆ ಹುಟ್ಟಿದ್ದು, ಜನ ಸಿಕ್ಕಿದ್ದು

ಮೂಲ ಒಂದು ಪತ್ರಿಕೆಯ ತುಂಡು ಸುದ್ದಿ. ಅರಿಜೋನಾದ ಫೀನಿಕ್ಸ್‌ನಲ್ಲಿ ಒಬ್ಬ ಹುಡುಗ ವಿಮಾನ ಕದ್ದ, ಅದನ್ನು ವಾಪಸ್ ಕೊಡಲು ಬಂದಾಗ ಸತ್ತ. ಇಷ್ಟೇ. ಒಳ್ಳೇ ಬೀಜ, ಅಲ್ವಾ? ಯಾಕೆ ಕದ್ದ, ಅದಕ್ಕಿಂತ ಜಾಸ್ತಿ, ಯಾಕೆ ವಾಪಸ್ ತಂದ? ಇದನ್ನು ಹಿಡಿದುಕೊಂಡು ಐದು ಜನರ ಹೆಸರಿನಲ್ಲಿ ಚಿತ್ರಕಥೆ ತಯಾರಾಯಿತು: ಆಂಟೋನಿಯೋನಿ, ಅವರ ಹಳೆಯ ಜೊತೆಗಾರ ಟೊನಿನೊ ಗುವೆರ್ರಾ, ಕ್ಲೇರ್ ಪೆಪ್ಲೋ, ಆಗಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ನಾಟಕಕಾರ ಸ್ಯಾಮ್ ಶೆಪರ್ಡ್, ಯುದ್ಧವಿರೋಧಿ ಚಳವಳಿಯಲ್ಲಿದ್ದ ಪತ್ರಕರ್ತ ಫ್ರೆಡ್ ಗಾರ್ಡ್ನರ್. ಐದು ಜನ ಸೇರಿ ಬರೆದರೂ ಆ ಎರಡು ಪ್ರಶ್ನೆಗೆ ಸಿನಿಮಾದಲ್ಲಿ ಉತ್ತರ ಇಲ್ಲ. ಉತ್ತರ ಬೇಡ, ಪ್ರಶ್ನೆಯಾದರೂ ಕಾಡಬೇಕಿತ್ತು. ಅದೂ ಇಲ್ಲ. ವಿಮಾನ ಯಾಕೆ ಕದ್ದೆ ಎಂದರೆ, ನೆಲ ಬಿಟ್ಟು ಮೇಲೆ ಹೋಗಬೇಕಿತ್ತು ಎನ್ನುತ್ತಾನೆ ಹುಡುಗ. ಮುಗೀತು.

ಮುಖ್ಯ ಪಾತ್ರಗಳಿಗೆ ನಟರು ಬೇಡ, ನಿಜವಾದ ಹುಡುಗರು ಬೇಕು ಅಂತ ತೀರ್ಮಾನ ಆಯಿತು. ಮಾರ್ಕ್ ಫ್ರೆಶೆಟ್ ಎಂಬ ಬಡಗಿ ಕೆಲಸದ ಹುಡುಗ ಬಾಸ್ಟನ್ನಿನ ಬಸ್ ಸ್ಟಾಪಿನಲ್ಲಿ ಯಾರ ಮೇಲೋ ಕೂಗಾಡುತ್ತಿದ್ದ. ಆ ಸಿಟ್ಟು ನೋಡಿಯೇ ಪಾತ್ರಕ್ಕೆ ಆರಿಸಿದರು. ಡಾರಿಯಾ ಹ್ಯಾಲ್‌ಪ್ರಿನ್ ಬರ್ಕ್ಲಿಯಲ್ಲಿ ಓದುತ್ತಿದ್ದವಳು, ಪ್ರಸಿದ್ಧ ನರ್ತಕಿ ಆನಾ ಹ್ಯಾಲ್‌ಪ್ರಿನ್ ಮಗಳು, ಹಿಪ್ಪಿಗಳ ಬಗ್ಗೆ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡಿದ್ದಳು. ಇಬ್ಬರಿಗೂ ಸಿನಿಮಾದಲ್ಲೂ ಅದೇ ಹೆಸರು, ಮಾರ್ಕ್ ಮತ್ತು ಡಾರಿಯಾ. ಇಬ್ಬರೂ ನೋಡಲು ಚೆನ್ನಾಗಿದ್ದಾರೆ. ಬಿಸಿಲಿನಲ್ಲಿ ನಡೆದರೆ ಕಣ್ಣು ಕೀಳಲಾಗುವುದಿಲ್ಲ. ಬಾಯಿ ತೆರೆದರೆ ಮಾತ್ರ ಕಷ್ಟ.

ಕಥೆ ಚಿಕ್ಕದು. ಲಾಸ್ ಏಂಜಲೀಸ್‌ನಲ್ಲಿ ವಿದ್ಯಾರ್ಥಿಗಳ ಮುಷ್ಕರ, ಪೊಲೀಸರ ದಾಳಿ. ಒಬ್ಬ ಪೊಲೀಸ್ ಗುಂಡೇಟಿಗೆ ಬೀಳುತ್ತಾನೆ. ಹೊಡೆದಿದ್ದು ಮಾರ್ಕೋ ಅಲ್ಲವೋ ಸ್ಪಷ್ಟ ಇಲ್ಲ. ಅವನು ಒಂದು ಪುಟ್ಟ ವಿಮಾನ ಕದ್ದು ಮರುಭೂಮಿ ಕಡೆ ಹಾರುತ್ತಾನೆ. ಡಾರಿಯಾ ಒಂದು ಭೂ ವ್ಯವಹಾರದ ಕಂಪನಿಯಲ್ಲಿ ಆಗೀಗ ಸೆಕ್ರೆಟರಿ ಕೆಲಸ ಮಾಡುವವಳು, ಬಾಸ್‌ನನ್ನು ನೋಡಲು ಹಳೇ ಬ್ಯೂಕ್ ಕಾರಿನಲ್ಲಿ ಫೀನಿಕ್ಸ್ ಕಡೆ ಹೊರಟಿದ್ದಾಳೆ. ಅವನು ಅವಳ ಕಾರಿನ ತಲೆ ಸವರಿಕೊಂಡು ಹೋಗುವಂತೆ ವಿಮಾನ ಹಾರಿಸುತ್ತಾನೆ. ಇಬ್ಬರೂ ಸಿಗುತ್ತಾರೆ, ಡೆತ್ ವ್ಯಾಲಿಯ ಝಬ್ರಿಸ್ಕಿ ಪಾಯಿಂಟಿಗೆ ಹೋಗುತ್ತಾರೆ, ಪ್ರೀತಿ ಮಾಡುತ್ತಾರೆ, ವಿಮಾನಕ್ಕೆ ಬಣ್ಣಬಣ್ಣದ ಚಿತ್ರ ಬಳಿಯುತ್ತಾರೆ. ಅವನು ವಿಮಾನ ವಾಪಸ್ ಕೊಡಲು ಹೋಗಿ ಪೊಲೀಸರ ಗುಂಡಿಗೆ ಸಾಯುತ್ತಾನೆ. ಅವಳಿಗೆ ಸುದ್ದಿ ಕಾರಿನ ರೇಡಿಯೋದಲ್ಲಿ ಗೊತ್ತಾಗುತ್ತದೆ. ಬಾಸ್‌ನ ಐಷಾರಾಮಿ ಮನೆಗೆ ಹೋಗಿ, ತಿರುಗಿ ಬಂದು, ಆ ಮನೆ ಸಿಡಿದು ಚೂರಾಗುವುದನ್ನು ಮನಸ್ಸಿನಲ್ಲೇ ನೋಡುತ್ತಾಳೆ.

ಎಲ್ಲಿ ಜೀವ ಇದೆ, ಎಲ್ಲಿ ಇಲ್ಲ

ಸಿನಿಮಾ ಶುರುವಾಗುವುದು ವಿದ್ಯಾರ್ಥಿ ಹೋರಾಟಗಾರರ ಮೀಟಿಂಗಿನಲ್ಲಿ. ತುಂಬಿದ ಕೋಣೆ. ಕಪ್ಪು ಹುಡುಗರು, ಬಿಳಿ ಹುಡುಗರು, ಯಾರ ಮಾತನ್ನು ಯಾರೂ ಮುಗಿಸಲು ಬಿಡುತ್ತಿಲ್ಲ. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕ್ಯಾಥ್ಲೀನ್ ಕ್ಲೀವರ್ ಸ್ವತಃ ಅಲ್ಲಿ ಕೂತಿದ್ದಾರೆ. ಕ್ಯಾಮೆರಾ ಮುಖಗಳ ಹತ್ತಿರ ಹತ್ತಿರ ಹೋಗುತ್ತದೆ, ಒಬ್ಬರ ಕಿವಿ, ಇನ್ನೊಬ್ಬರ ಗಲ್ಲ, ಫೋಕಸ್ ತಪ್ಪಿದ ಯಾರದೋ ಭುಜ. ಬಿಳಿ ಹುಡುಗರನ್ನು ಹೋರಾಟಕ್ಕೆ ಇಳಿಸುವುದು ಹೇಗೆ ಅಂತ ವಾದ ನಡೆಯುತ್ತದೆ. ಬೇಜಾರಾಗಿ ಮಾರ್ಕ್ ಎದ್ದು, ಸಾಯಲು ನಾನೂ ರೆಡಿ, ಆದರೆ ಬೋರ್ ಹೊಡೆದು ಸಾಯಲಾರೆ ಎಂಬ ಅರ್ಥದ ಮಾತು ಹೇಳಿ ಹೊರಟುಬಿಡುತ್ತಾನೆ. ಈ ದೃಶ್ಯ ಇವತ್ತಿಗೂ ಬಿಸಿಯಾಗಿದೆ. ಕಾರಣ ಸುಲಭ: ಅಲ್ಲಿ ಹೆಚ್ಚಿನವರು ತಮ್ಮ ಮಾತನ್ನೇ ಆಡುತ್ತಿದ್ದಾರೆ. ನಿರ್ದೇಶಕರು ಮಧ್ಯೆ ಬಂದಿಲ್ಲ.

ಇದಾದ ಮೇಲೆ ಠಾಣೆಯ ದೃಶ್ಯ. ಬಂಧಿಸಿದ ಹುಡುಗರ ಹೆಸರನ್ನು ಪೊಲೀಸ್ ಟೈಪ್ ಮಾಡುತ್ತಿದ್ದಾನೆ. ಮಾರ್ಕ್ ತನ್ನ ಹೆಸರು ಕಾರ್ಲ್ ಮಾರ್ಕ್ಸ್ ಎನ್ನುತ್ತಾನೆ. ಪೊಲೀಸ್ ಸ್ಪೆಲಿಂಗ್ ಕೇಳಿಕೊಂಡು ಹಾಗೇ ಟೈಪ್ ಮಾಡುತ್ತಾನೆ, ಅದೂ ಕಾರ್ಲ್ ಅನ್ನೋದನ್ನ ತಪ್ಪು ಅಕ್ಷರದಲ್ಲಿ! ಬಂದೂಕಿನ ಅಂಗಡಿಯದೂ ಚೆನ್ನಾಗಿದೆ. ಅಂಗಡಿಯವನು ಗಿರಾಕಿಗಳಿಗೆ ಕಾನೂನು ಸಲಹೆ ಕೊಡುತ್ತಾನೆ: ಅಂಗಳದಲ್ಲಿ ಯಾರಿಗಾದರೂ ಗುಂಡು ಹೊಡೆದರೆ ಎಳೆದು ಮನೆಯೊಳಗೆ ಹಾಕಿಕೊಳ್ಳಿ. ಮರುಭೂಮಿಯಲ್ಲಿ ಸೈಟು, ಮನೆ ಮಾರುವ ಕಂಪನಿಯ ಟಿವಿ ಜಾಹೀರಾತು ಬರುತ್ತದೆ, ಅದರಲ್ಲಿ ಮನುಷ್ಯರ ಬದಲು ಪ್ಲಾಸ್ಟಿಕ್ ಬೊಂಬೆಗಳು ಬಾರ್ಬೆಕ್ಯೂ, ಈಜು, ಬೇಟೆ ಅಂತ ಸುಖವಾಗಿವೆ. ನಡುವೆ ದಾರಿಬದಿಯ ಒಂದು ಬಾರ್. ಒಬ್ಬ ಮುದುಕ ಬಿಯರ್ ಮುಂದಿಟ್ಟುಕೊಂಡು ಸಿಗರೇಟು ಸೇದುತ್ತಾ ಕೂತಿದ್ದಾನೆ, ‘ಟೆನೆಸ್ಸಿ ವಾಲ್ಟ್ಸ್’ ಹಾಡು ನಡೆಯುತ್ತಿದೆ. ಡಾರಿಯಾ ಹೊರಟುಹೋದರೂ ಕ್ಯಾಮೆರಾ ಅಲ್ಲೇ ಅವನನ್ನು ನೋಡುತ್ತಾ ಉಳಿಯುತ್ತದೆ. ಹಳೆಯ ಆಂಟೋನಿಯೋನಿ ಇಲ್ಲಿ ಪೂರ್ತಿ ಇದ್ದಾರೆ. ಕಥೆಗೆ ಬೇಕಾಗದ ಒಬ್ಬ ಮನುಷ್ಯನ ಮುಂದೆ ಕಾರಣವಿಲ್ಲದೆ ನಿಲ್ಲುವುದು ಅವರಿಗೇ ಸಾಧ್ಯ.

ಈಗ ಝಬ್ರಿಸ್ಕಿ ಪಾಯಿಂಟಿಗೆ ಬನ್ನಿ. ಜಾಗಕ್ಕೆ ಆ ಹೆಸರು ಬಂದಿದ್ದು ಅಲ್ಲಿ ಬೋರಾಕ್ಸ್ ಗಣಿಗಾರಿಕೆ ಮಾಡಿಸುತ್ತಿದ್ದ ಕಂಪನಿಯ ಒಬ್ಬ ಅಧಿಕಾರಿಯಿಂದ. ಲಕ್ಷಾಂತರ ವರ್ಷ ಹಿಂದೆ ಬತ್ತಿಹೋದ ಸರೋವರದ ತಳ. ಮಡಿಕೆ ಮಡಿಕೆಯಾದ ಹಳದಿ, ಬೂದಿ ಬಣ್ಣದ ಗುಡ್ಡಗಳು. ಛಾಯಾಗ್ರಾಹಕ ಅಲ್ಫಿಯೋ ಕಾಂತಿನಿ ಅದನ್ನು ಅಗಲ ಪರದೆಗೆ ಹೇಗೆ ಹಿಡಿದಿದ್ದಾರೆ ಎಂದರೆ ಇಬ್ಬರು ಮನುಷ್ಯರು ಅಲ್ಲಿ ಇರುವೆಗಿಂತ ಸಣ್ಣ. ಗುಡ್ಡದ ಮೇಲಿಂದ ಇಬ್ಬರೂ ಓಡಿಕೊಂಡು, ಜಾರಿಕೊಂಡು ಇಳಿಯುತ್ತಾರೆ. ಇಲ್ಲಿಯವರೆಗೆ ಚಂದ.

ಇಳಿದ ಮೇಲೆ ಮಾತು ಶುರು. ನಿನ್ನ ಯೋಚನೆಗಳು ಗಿಡಗಳ ಥರ ಅಂದುಕೋ, ಏನು ಕಾಣುತ್ತೆ, ಸಾಲಾಗಿ ನೆಟ್ಟ ತೋಟವೋ, ಕಾಡು ಬಳ್ಳಿಯೋ, ಅಂತ ಅವಳು ಕೇಳುತ್ತಾಳೆ. ಕಾಡಿನ ಥರ ಕಾಣುತ್ತೆ ಅಂತ ಅವನು. ಹೀಗೇ ಸಾಗುತ್ತದೆ. ಇಬ್ಬರೂ ಸಾಲನ್ನು ಬಾಯಿಪಾಠ ಒಪ್ಪಿಸುತ್ತಿದ್ದಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಾಗಿದ ಗುರುತೇ ಇಲ್ಲ. ಮಧ್ಯೆ ಅವನು ಸುಮ್ಮನಾದಾಗಲೂ ಆ ಮೌನದಲ್ಲಿ ಏನೂ ಇಲ್ಲ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಿರುವಂತೆ ಕಾಣುತ್ತದೆ. ‘ಲೆಕ್ಲಿಸೆ’ಯಲ್ಲಿ ಭಾರವಾಗಿದ್ದ ಮೌನ ಇಲ್ಲಿ ಬರೀ ಖಾಲಿ. ಇದೇ ಈ ಪ್ರಕರಣದ ಗಂಟು ಅಂತ ನನಗನ್ನಿಸುತ್ತದೆ. ಆಂಟೋನಿಯೋನಿಯ ವಿಧಾನಕ್ಕೆ ಏನನ್ನೋ ಬಚ್ಚಿಟ್ಟುಕೊಳ್ಳುವ ನಟರು ಬೇಕು. ಅವರು ಆರಿಸಿದ್ದು ಬಚ್ಚಿಡಲು ಗೊತ್ತಿಲ್ಲದ, ಗೊತ್ತಿರಬೇಕಾಗಿಯೂ ಇಲ್ಲದ ಇಬ್ಬರು ಹುಡುಗರನ್ನು. ಬಸ್ ಸ್ಟಾಪಿನಲ್ಲಿ ಕೂಗಾಡಿದವನ ಬಂಡವಾಳವೇ ಸಿಟ್ಟು. ಅವನಿಂದ ಸಿಟ್ಟು ತೆಗೆದು ಕಾವ್ಯ ಹೇಳಿಸಿದರೆ ಏನು ಉಳಿಯುತ್ತದೆ?

ಆಮೇಲಿನ ಪ್ರಣಯದ ದೃಶ್ಯ ಆಗ ದೊಡ್ಡ ಗಲಾಟೆ ಮಾಡಿತು. ಇಬ್ಬರು ಇದ್ದ ಕಡೆ ಇದ್ದಕ್ಕಿದ್ದಂತೆ ಹತ್ತಾರು ಜೋಡಿಗಳು, ಇಡೀ ಕಣಿವೆ ತುಂಬ ಧೂಳಿನಲ್ಲಿ ಹೊರಳಾಡುತ್ತಾರೆ. ನ್ಯೂಯಾರ್ಕಿನ ಓಪನ್ ಥಿಯೇಟರ್ ತಂಡದ ನಟರು ಅವರು. ಹಿನ್ನೆಲೆಯಲ್ಲಿ ರಾಕ್ ಸಂಗೀತಗಾರ ಜೆರ್ರಿ ಗಾರ್ಸಿಯಾನ ಗಿಟಾರ್. ಇಷ್ಟಕ್ಕೇ ಸರ್ಕಾರಿ ವಕೀಲರು ಸ್ಯಾಕ್ರಮೆಂಟೋದಲ್ಲಿ ತನಿಖೆ ಶುರುಮಾಡಿದರು. ಅನೈತಿಕ ಉದ್ದೇಶಕ್ಕೆ ಹೆಂಗಸರನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಬಾರದು ಎಂಬ 1910ರ ಕಾನೂನು ಹಿಡಿದುಕೊಂಡು! ಡೆತ್ ವ್ಯಾಲಿಯ ಆ ಜಾಗ ಕ್ಯಾಲಿಫೋರ್ನಿಯಾದ ಒಳಗೇ ಇದೆ. ಕೇಸು ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ದೃಶ್ಯದಲ್ಲಿ ಕಾಮಕ್ಕಿಂತ ಧೂಳೇ ಜಾಸ್ತಿ. ಅಷ್ಟು ಹೊತ್ತು ಆ ಇಬ್ಬರ ನಡುವೆ ಏನೂ ಹುಟ್ಟಿಲ್ಲದಿರುವಾಗ ಇನ್ನೂ ಇಪ್ಪತ್ತು ಜೋಡಿ ತಂದರೆ ಆಗುತ್ತದೆಯೇ?

ಅದಾದ ತಕ್ಷಣ, ಒಂದು ಪ್ರವಾಸಿ ಕುಟುಂಬ ಗಾಡಿಯಲ್ಲಿ ಬಂದು ನಿಲ್ಲುತ್ತದೆ. ಹೆಂಡತಿ ಆ ನೋಟ ನೋಡಿ, ಇಲ್ಲೊಂದು ಡ್ರೈವ್-ಇನ್ ಕಟ್ಟಿದರೆ ಒಳ್ಳೇ ದುಡ್ಡಾಗುತ್ತೆ ಎನ್ನುತ್ತಾಳೆ. ನಗು ಬರುತ್ತದೆ. ಆದರೆ ಗಮನಿಸಿ, ಅಮೆರಿಕದವರನ್ನು ಗೇಲಿ ಮಾಡುವಾಗ ಮಾತ್ರ ಸಿನಿಮಾಗೆ ಮಾತು ಸಿಗುತ್ತದೆ. ತಾನು ಪ್ರೀತಿಸುವ ಅಮೆರಿಕದವರಿಗೆ ಏನು ಮಾತು ಕೊಡಬೇಕು ಅಂತ ಗೊತ್ತಾಗುವುದಿಲ್ಲ. ಗೇಲಿಗೆ ದೂರದಿಂದ ಕೇಳಿದರೂ ಸಾಕು. ಪ್ರೀತಿಗೆ ಅಷ್ಟು ಸಾಲದು.

ಹೊರಗಿನವರು ಆಗಿದ್ದೇ ತಪ್ಪಾ?

ಆಗ ಅಮೆರಿಕದ ಎಷ್ಟೋ ಜನ ಹೇಳಿದ್ದು ಇದೇ: ಇಟಲಿಯಿಂದ ಬಂದವನಿಗೆ ನಮ್ಮ ಬಗ್ಗೆ ಏನು ಗೊತ್ತು? ನನಗೆ ಈ ವಾದ ಒಪ್ಪಿಗೆ ಇಲ್ಲ. ಹೊರಗಿನ ಕಣ್ಣಿಗೆ ಒಳಗಿನವರಿಗೆ ಕಾಣದ್ದು ಕಾಣುತ್ತದೆ. ಲಾಸ್ ಏಂಜಲೀಸ್‌ನ ಜಾಹೀರಾತು ಫಲಕಗಳನ್ನು ಆಂಟೋನಿಯೋನಿ ನೋಡಿದ ಹಾಗೆ ಅಲ್ಲಿನವರು ನೋಡಿರಲಿಲ್ಲ.

ಅದೇ 1970ರಲ್ಲಿ ನಮ್ಮಲ್ಲೇ ಒಂದು ಉದಾಹರಣೆ ಇದೆ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’. ಮಲೆನಾಡಿನ ಅಗ್ರಹಾರದ ಕಥೆ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಮಾಧ್ವ ಬ್ರಾಹ್ಮಣರ ಆಚಾರ ವಿಚಾರ ಅವರಿಗೆ ಮೊದಲೇ ಗೊತ್ತಿರಬೇಕಾಗಿರಲಿಲ್ಲ. ಆ ಕಂಬ, ಜಗಲಿ, ಬೆಳಕು ಅವರಿಗೆ ಹೊಸದಾಗಿ ಕಂಡವು, ನಮಗೂ ಹೊಸದಾಗಿ ಕಂಡವು. ಆದರೆ ಮಾತು? ಅದು ಅನಂತಮೂರ್ತಿಯವರ ಕಾದಂಬರಿಯದು, ಚಿತ್ರಕಥೆ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯರಾಗಿ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್. ಕಣ್ಣು ಹೊರಗಿನದು, ಕಿವಿ ಮತ್ತು ನಾಲಿಗೆ ಒಳಗಿನವು. ಬಜೆಟ್ಟಿನ ಲೆಕ್ಕದಲ್ಲಿ ಹೋಲಿಸುವುದೇ ತಮಾಷೆ. ಆದರೂ ಆ ಸಿನಿಮಾ ನಿಂತಿತು.

‘ಝಬ್ರಿಸ್ಕಿ’ಯಲ್ಲೂ ಒಳಗಿನವರು ಇದ್ದರು, ಶೆಪರ್ಡ್ ಇದ್ದರು, ಗಾರ್ಡ್ನರ್ ಇದ್ದರು. ಆದರೆ ಬರೆದದ್ದು ಐದು ಕೈ ದಾಟಿ ಬರುವಾಗ ಯಾರ ದನಿಯೂ ಉಳಿಯಲಿಲ್ಲ. ಯಾವ ಸಾಲು ಕಿವಿಗೆ ಸರಿ ಕೇಳುತ್ತಿದೆ, ಯಾವುದು ಕೇಳುತ್ತಿಲ್ಲ ಅಂತ ಕೊನೆಯದಾಗಿ ತೀರ್ಮಾನಿಸಬೇಕಾದವರು ನಿರ್ದೇಶಕರು. ಆ ಜಾಗದಲ್ಲೇ ತೂತು.

ಸಂಗೀತದ ಕಥೆ ಕೇಳಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. 1969ರ ಕೊನೆಯಲ್ಲಿ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ತಂಡವನ್ನು ರೋಮ್‌ಗೆ ಕರೆಸಿ ರೆಕಾರ್ಡಿಂಗ್ ಮಾಡಿಸಿದರು. ಮಾಡಿದ್ದನ್ನೆಲ್ಲ ಬದಲಿಸಿ, ಬದಲಿಸಿ ಅಂತ ಹೇಳುತ್ತಾ ಹೋಗಿ ಕೊನೆಗೆ ಕೆಲವೇ ತುಣುಕು ಉಳಿಸಿಕೊಂಡರು. ಬೇಡ ಎಂದದ್ದರಲ್ಲಿ ತಂಡದ ರಿಚರ್ಡ್ ರೈಟ್ ನುಡಿಸಿದ ಒಂದು ಪಿಯಾನೋ ತುಣುಕಿತ್ತು. ಅದು 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನಲ್ಲಿ ‘ಅಸ್ ಅಂಡ್ ದೆಮ್’ ಹಾಡಾಯಿತು. ಆ ಆಲ್ಬಮ್ ಎಷ್ಟು ಮಾರಾಟವಾಯಿತು ಅಂತ ಹೇಳುವ ಅಗತ್ಯ ಇಲ್ಲ. ಅಮೆರಿಕದ ಡೋರ್ಸ್ ರಾಕ್ ತಂಡ ಮಾಡಿಕೊಟ್ಟ ಹಾಡೂ ಬೇಡವಾಯಿತು.

ಕಾಲ, ದುಡ್ಡು, ಕಂಪನಿ

ಕಂಪನಿಯ ಪಾಲೂ ಇದೆ, ಬಿಡುವ ಹಾಗಿಲ್ಲ. 1968ರಲ್ಲಿ ಶೂಟಿಂಗ್ ಶುರುವಾದಾಗ ವಿಷಯ ಕುದಿಯುತ್ತಿತ್ತು. ತೆರೆಗೆ ಬರುವ ಹೊತ್ತಿಗೆ 1970. ನಡುವೆ 1969ರಲ್ಲಿ ಡೆನಿಸ್ ಹಾಪರ್‌ನ ‘ಈಜಿ ರೈಡರ್’ ಬಂದು ಹೋಗಿತ್ತು. ಸುಮಾರು 4 ಲಕ್ಷ ಡಾಲರಿನಲ್ಲಿ ಮಾಡಿದ ಆ ಸಿನಿಮಾ ಕೋಟಿಗಟ್ಟಲೆ ಬಾಚಿತು. ಮರುಭೂಮಿ, ರಸ್ತೆ, ಹಿಪ್ಪಿ, ಕೊನೆಗೆ ಗುಂಡು, ಎಲ್ಲಾ ಅದರಲ್ಲೇ ಆಗಿತ್ತು. ಅದರ ಹುಡುಗರು ತಮ್ಮ ಭಾಷೆ ಆಡುತ್ತಿದ್ದರು ಬೇರೆ. ಎಂಜಿಎಂ ಒಳಗೂ ಯಜಮಾನರು ಬದಲಾದರು. 1969ರಲ್ಲಿ ಕರ್ಕ್ ಕರ್ಕೋರಿಯನ್ ಕಂಪನಿ ಹಿಡಿತಕ್ಕೆ ತೆಗೆದುಕೊಂಡರು, ಜೇಮ್ಸ್ ಆಬ್ರಿ ಮುಖ್ಯಸ್ಥರಾದರು. ಸಿನಿಮಾ ಒಪ್ಪಿಕೊಂಡವರು ಒಬ್ಬರು, ಬಿಡುಗಡೆ ಮಾಡಿದವರು ಇನ್ನೊಬ್ಬರು. ಕೊನೆಯಲ್ಲಿ ಒಂದು ವಿಮಾನ ಹೊಗೆಯಲ್ಲಿ ಆಕಾಶದ ಮೇಲೆ ಅಮೆರಿಕಕ್ಕೆ ಬೈಗುಳ ಬರೆಯುವ ಶಾಟ್ ಇತ್ತು, ತೆಗೆಸಿದರು. ಸ್ಫೋಟ ಮುಗಿದ ಮೇಲೆ ನಿರ್ದೇಶಕರನ್ನು ಕೇಳದೆ ರಾಯ್ ಆರ್ಬಿಸನ್ ಹಾಡೊಂದನ್ನು ತಂದು ಅಂಟಿಸಿದರು. ಆ ಅಂತ್ಯ ನೋಡಿ ಕೂತವನಿಗೆ ಆ ಹಾಡು ಕೇಳಿದರೆ ಸಿಟ್ಟೇ ಬರುತ್ತದೆ.

ಆದರೆ ಕಂಪನಿಯನ್ನು ಬೈದು ಕೈತೊಳೆದುಕೊಳ್ಳಲು ಆಗಲ್ಲ. ಆ ತೋಟ-ಕಾಡಿನ ಮಾತು ಆಬ್ರಿ ಬರೆಸಿದ್ದಲ್ಲ.

ಇನ್ನೊಂದು ಕಾಕತಾಳೀಯ ನೋಡಿ. ಬಿಡುಗಡೆಯಾಗಿ ಮೂರು ತಿಂಗಳೂ ಆಗಿರಲಿಲ್ಲ, 1970ರ ಮೇ 4ರಂದು ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಗುಂಡಿಗೆ ನಾಲ್ಕು ವಿದ್ಯಾರ್ಥಿಗಳು ಸತ್ತರು. ಸಿನಿಮಾದ ಭಯ ನಿಜವೇ ಆಗಿತ್ತು. ಹಾಗಂತ ಸಿನಿಮಾ ಒಳ್ಳೆಯದಾಗಿಬಿಡುವುದಿಲ್ಲ. ವಿಷಯ ಸರಿ ಇದ್ದರೆ ಪಾತ್ರಕ್ಕೆ ಜೀವ ತಾನಾಗಿ ಬರುವ ಹಾಗಿದ್ದರೆ ಎಲ್ಲರೂ ಒಳ್ಳೇ ಸಿನಿಮಾ ಮಾಡುತ್ತಿದ್ದರು.

ಕೊನೆಯ ನಿಮಿಷಗಳು

ಇಷ್ಟೆಲ್ಲ ಬೈದ ಮೇಲೆ ಆ ಸ್ಫೋಟದ ಬಗ್ಗೆ ಹೇಳಲೇಬೇಕು. ಡಾರಿಯಾ ಕಾರಿನಿಂದ ಇಳಿದು ಬಂಡೆಯ ಮೇಲಿನ ಆ ಮನೆಯನ್ನು ನೋಡುತ್ತಾಳೆ. ಮನೆ ಸಿಡಿಯುತ್ತದೆ. ಮತ್ತೆ ಸಿಡಿಯುತ್ತದೆ. ಇನ್ನೊಂದು ಕೋನದಿಂದ, ಇನ್ನೂ ಹತ್ತಿರದಿಂದ, ಮತ್ತೆ ಮತ್ತೆ. ಇದಕ್ಕೆ ಅಂಥದ್ದೇ ಇನ್ನೊಂದು ಮನೆ ಕಟ್ಟಿಸಿ, 17 ಕ್ಯಾಮೆರಾ ಇಟ್ಟು ಸಿಡಿಸಿದರಂತೆ. ಅಷ್ಟಕ್ಕೇ ನಿಂತಿದ್ದರೆ ದೊಡ್ಡ ಪಟಾಕಿ ಅನ್ನಬಹುದಿತ್ತು. ಆಮೇಲೆ ಒಳಗಿನ ಸಾಮಾನು ಬರುತ್ತದೆ. ಬಟ್ಟೆ ನೇತುಹಾಕಿದ ಸ್ಟ್ಯಾಂಡ್ ಒಡೆದು ಅಂಗಿಗಳು ನಿಧಾನಕ್ಕೆ ನೀಲಿ ಆಕಾಶದಲ್ಲಿ ತೇಲುತ್ತವೆ. ಟಿವಿ ಚೂರಾಗುತ್ತದೆ. ಫ್ರಿಜ್ ಒಡೆದು ಬ್ರೆಡ್, ಒಂದು ಇಡೀ ಕೋಳಿ, ತರಕಾರಿ, ಎಲ್ಲವೂ ಸಮುದ್ರದೊಳಗಿನ ಮೀನಿನ ಹಾಗೆ ಹಾಯಾಗಿ ಹಾದುಹೋಗುತ್ತವೆ. ಕಪಾಟಿನ ಪುಸ್ತಕಗಳು ಹಾಳೆ ಬಿಚ್ಚಿಕೊಂಡು ಹಾರುತ್ತವೆ. ಹಿಂದೆ ಪಿಂಕ್ ಫ್ಲಾಯ್ಡ್, ನಡುವೆ ಆ ತಂಡದ ರೋಜರ್ ವಾಟರ್ಸ್ ಕಿರುಚಾಟ.

ಇದರ ಉದ್ದಕ್ಕೂ ಒಂದೇ ಒಂದು ಮಾತಿಲ್ಲ. ಕೊಳ್ಳುವ ಹುಚ್ಚಿನ ಬಗ್ಗೆ ಸಿನಿಮಾ ಒಂದೂಮುಕ್ಕಾಲು ಗಂಟೆ ಹೇಳಲು ಒದ್ದಾಡಿದ್ದೆಲ್ಲ ಈ ಕೋಳಿ ಒಂದೇ ಹೇಳಿಬಿಡುತ್ತದೆ. ಅದೂ ಇಷ್ಟು ಚಂದ ಇರುವುದರಿಂದ ನಾಶ ನೋಡಿ ಖುಷಿಪಡುತ್ತಿದ್ದೇನಲ್ಲ ಅಂತ ನೋಡುವವನಿಗೇ ಒಂಥರಾ ಆಗುತ್ತದೆ. ಆ ಇರುಸುಮುರುಸು ಬೇಕಂತಲೇ ಇಟ್ಟಿದ್ದು ಅಂತ ನನ್ನ ನಂಬಿಕೆ.

ಆಮೇಲೆ

ಫ್ರೆಶೆಟ್‌ನ ಕಥೆ ಸಿನಿಮಾಕ್ಕಿಂತ ಕಠೋರ. ಅವನು ಬಾಸ್ಟನ್ನಿನ ಮೆಲ್ ಲೈಮನ್ ಎಂಬವನ ಕಮ್ಯೂನಿನಲ್ಲಿ, ಅಂದರೆ ಒಟ್ಟಿಗೆ ಬಾಳುವ ಗುಂಪಿನಲ್ಲಿ, ಇದ್ದವನು, ಸಿನಿಮಾದ ಸಂಪಾದನೆಯೂ ಅಲ್ಲಿಗೇ ಹೋಯಿತು. 1973ರ ಆಗಸ್ಟಿನಲ್ಲಿ ಕಮ್ಯೂನಿನ ಇನ್ನಿಬ್ಬರ ಜೊತೆ ಒಂದು ಬ್ಯಾಂಕ್ ದೋಚಲು ಹೋದ. ಅವನ ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲ. ಜೊತೆಗಿದ್ದ ಒಬ್ಬ ಪೊಲೀಸರ ಗುಂಡಿಗೆ ಸತ್ತ. ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣ ನೋಡಿ ಬಂದ ಸಿಟ್ಟಿನಿಂದ ಮಾಡಿದ ರಾಜಕೀಯ ಕೆಲಸ ಇದು ಎಂಬಂತೆ ಆಮೇಲೆ ಹೇಳಿಕೊಂಡ. 1975ರ ಸೆಪ್ಟೆಂಬರಿನಲ್ಲಿ ಜೈಲಿನ ವ್ಯಾಯಾಮದ ಕೋಣೆಯಲ್ಲಿ ಭಾರ ಎತ್ತುವ ಸರಳು ಕುತ್ತಿಗೆ ಮೇಲೆ ಬಿದ್ದು ಸತ್ತ. ವಯಸ್ಸು 27. ಇದನ್ನು ಓದಿದ ಮೇಲೆ ಸಿನಿಮಾ ನೋಡಿದರೆ ಅವನ ಮುಖಕ್ಕೆ ಇಲ್ಲದ ಭಾರ ಬಂದುಬಿಡುತ್ತದೆ. ಆದರೆ ಆ ಭಾರ ನಾವು ಹೊರಗಿಂದ ತಂದು ಹಾಕಿದ್ದು. ಅವನೊಳಗೆ ಅಷ್ಟು ಇತ್ತು, ಸಿನಿಮಾಗೆ ಅದನ್ನು ಹೊರತೆಗೆಯಲು ಆಗಲಿಲ್ಲ. ನನಗೆ ಅತಿ ದೊಡ್ಡ ನಿರಾಸೆ ಇದೇ.

ಆಂಟೋನಿಯೋನಿ ಎಂಜಿಎಂ ಒಪ್ಪಂದದ ಮೂರನೇ ಸಿನಿಮಾ ಮಾಡಿದ್ದು 1975ರಲ್ಲಿ, ‘ದಿ ಪ್ಯಾಸೆಂಜರ್’. ಜ್ಯಾಕ್ ನಿಕೋಲ್ಸನ್, ಮರಿಯಾ ಶ್ನೈಡರ್. ಮತ್ತೆ ಮರುಭೂಮಿ, ಮತ್ತೆ ಹೊರದೇಶ, ಮತ್ತೆ ಇಂಗ್ಲಿಷ್. ಈ ಸಲ ಮಾತ್ರ ನಾಯಕ ಒಬ್ಬ ಪತ್ರಕರ್ತ, ಆಫ್ರಿಕಾದಲ್ಲಿ ಜನರ ಮಾತು ಅರ್ಥವಾಗದೆ ಪರದಾಡುವವನು, ಕೊನೆಗೆ ಸತ್ತವನೊಬ್ಬನ ಹೆಸರು, ಪಾಸ್‌ಪೋರ್ಟ್ ತಗೊಂಡು ಬದುಕಲು ಹೊರಡುವವನು. ಅಂದರೆ ಕೇಳಿಸದಿರುವುದೇ ಕಥೆ. ತನ್ನ ಕೊರತೆಯನ್ನೇ ಕಥೆಯ ವಿಷಯ ಮಾಡಿಕೊಂಡರು. ಬಚ್ಚಿಡಲು ಗೊತ್ತಿರುವ ನಟನನ್ನೂ ಹಾಕಿಕೊಂಡರು. ಕೊನೆಯಲ್ಲಿ ಕಿಟಕಿಯ ಸರಳುಗಳ ನಡುವಿನಿಂದ ಕ್ಯಾಮೆರಾ ಹೊರಗೆ ಹೋಗಿ ತಿರುಗಿ ನೋಡುವ, ಸುಮಾರು ಏಳು ನಿಮಿಷದ ಒಂದೇ ಶಾಟ್ ಇದೆ. ಅಲ್ಲೂ ಹೆಚ್ಚು ಮಾತಿಲ್ಲ. ಆದರೆ ಕೋಣೆಯೊಳಗೆ ಮಲಗಿರುವವನು ಯಾರು, ಏನು ಅಂತ ನಮಗೆ ಗೊತ್ತಿರುವುದರಿಂದ ಉಸಿರು ಬಿಗಿಹಿಡಿದು ನೋಡುತ್ತೇವೆ.

ಈಚೆಗೆ ‘ಝಬ್ರಿಸ್ಕಿ ಪಾಯಿಂಟ್’ ಎಲ್ಲರೂ ತಪ್ಪು ತಿಳಿದ ಮೇರುಕೃತಿ ಎನ್ನುವವರು ಜಾಸ್ತಿ ಆಗಿದ್ದಾರೆ. ಆ ಹುಡುಗರು ಮರದ ಬೊಂಬೆ ಥರ ಇರುವುದೇ ಉದ್ದೇಶ, ಜಾಹೀರಾತಿನ ಬೊಂಬೆಗಳ ಜೊತೆ ಹೋಲಿಸಿ ನೋಡಿ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಹಾಗಿದ್ದರೆ ಮಾರ್ಕ್ ಸತ್ತಾಗ ನಮಗೆ ದುಃಖ ಆಗಲಿ ಅಂತ ಸಿನಿಮಾ ಅಷ್ಟೊಂದು ಯಾಕೆ ಕಷ್ಟಪಡುತ್ತದೆ? ಬೊಂಬೆ ಮುರಿದರೆ ಯಾರಾದರೂ ಅಳುತ್ತಾರಾ?

ಆಂಟೋನಿಯೋನಿ ನಿಮಗೆ ಹೊಸಬರಾಗಿದ್ದರೆ ಇದರಿಂದ ಶುರು ಮಾಡಬೇಡಿ. ‘ಲೆಕ್ಲಿಸೆ’ ನೋಡಿ, ‘ಬ್ಲೋ-ಅಪ್’ ನೋಡಿ, ‘ದಿ ಪ್ಯಾಸೆಂಜರ್’ ನೋಡಿ, ಆಮೇಲೆ ಇದಕ್ಕೆ ಬನ್ನಿ. ಆದಷ್ಟು ದೊಡ್ಡ ಪರದೆಯಲ್ಲಿ, ಒಳ್ಳೇ ಸ್ಪೀಕರ್ ಹಾಕಿಕೊಂಡು. ಮೀಟಿಂಗಿನ ದೃಶ್ಯ ಮುಗಿದ ಮೇಲೆ ಸಬ್‌ಟೈಟಲ್ ಆಫ್ ಮಾಡಿದರೂ ನಡೆಯುತ್ತದೆ.